ಮಂಗಳದ ರೋಹಿತದಲ್ಲಿ 3.3ರಿಂದ 3.7 ಮೈಕ್ರಾನ್: ಎರಡು ಪ್ರಸಂಗಗಳ ಮೇಲೊಂದು ಟಿಪ್ಪಣಿ

ಇಂಗಾಲ–ಜಲಜನಕ ಬಂಧ ಹಿಗ್ಗಿ ಕುಗ್ಗುವಾಗ ಹೀರುವ ಅವಕೆಂಪು ಬೆಳಕು ಹೆಚ್ಚುಕಡಿಮೆ 3.3 ಮತ್ತು 3.7 ಮೈಕ್ರಾನ್‌ಗಳ ನಡುವೆ ಬೀಳುತ್ತದೆ. ಮಂಗಳದಲ್ಲಿ ಜೀವದ ಸುಳಿವು ಅರಸಿದವರು ಮತ್ತೆ ಮತ್ತೆ ಇಲ್ಲಿಗೇ ಬಂದದ್ದು ಅದಕ್ಕೇ. ಇಲ್ಲಿ ಹೊಸ ರೇಖೆಯೊಂದು ಕಂಡಾಗ ಅಪರೂಪದ ಅನಿಲವನ್ನು ಹೆಸರಿಸುವ ಮುನ್ನ, ಬೆಳಕಿನ ಹಾದಿಯಲ್ಲಿ ಹೇರಳವಾಗಿರುವ ಅನಿಲದ ಕ್ಷೀಣ ರೇಖೆಗಳನ್ನು ಪ್ರಯೋಗಾಲಯದಲ್ಲಿ ಅಳೆದಿರಬೇಕು ಎಂಬುದು ನನ್ನ ವಾದ.

ವಿಲಿಯಂ ಸಿಂಟನ್ 1958ರಲ್ಲಿ ಪಾಲೊಮಾರ್‌ನ 200 ಇಂಚಿನ ದೂರದರ್ಶಕದಿಂದ ಮಂಗಳವನ್ನು ನೋಡಿ 3.43, 3.56, 3.67 ಮೈಕ್ರಾನ್‌ಗಳಲ್ಲಿ ಮೂರು ಹೀರಿಕೆಗಳನ್ನು ವರದಿ ಮಾಡಿದರು. ಗ್ರಹದ ಕಪ್ಪು ಪ್ರದೇಶಗಳಲ್ಲಿ ಅವು ಎದ್ದು ಕಂಡಿದ್ದರಿಂದ ಸಸ್ಯರಾಶಿಯ ಮಾತು ಬಂತು. ಅಸಿಟಾಲ್ಡಿಹೈಡ್ ಇರಬಹುದೆಂಬ ಸೂಚನೆಯೂ ಬಂತು. 1965ರಲ್ಲಿ ರೀ, ಓಲಿಯರಿ ಮತ್ತು ಸ್ವತಃ ಸಿಂಟನ್ ಸೇರಿ ಬರೆದ ಲೇಖನ ಮೂರರಲ್ಲಿ ಕೊನೆಯ ಎರಡನ್ನು ಭೂಮಿಯ ಗಾಳಿಯಲ್ಲಿರುವ ಎಚ್‌ಡಿಒ ಲೆಕ್ಕಕ್ಕೆ ಹಾಕಿತು. ಎಚ್‌ಡಿಒ ಎಂದರೆ ಒಂದು ಜಲಜನಕದ ಬದಲು ಡ್ಯೂಟೀರಿಯಂ ಇರುವ ನೀರು. ನಮ್ಮಲ್ಲಿ ಸುಮಾರು ಮೂರು ಸಾವಿರ ನೀರಿನ ಅಣುಗಳಿಗೆ ಇಂಥದ್ದು ಒಂದು. ಅಷ್ಟು ಸಾಕಾಯಿತು. ತಮ್ಮದೇ ಶೋಧವನ್ನು ಬಿಡಿಸಿಹಾಕುವ ಲೇಖನಕ್ಕೆ ಸಿಂಟನ್ ಸಹಿ ಹಾಕಿದ್ದನ್ನು ಇತಿಹಾಸ ಬರೆಯುವವರು ಇನ್ನಷ್ಟು ಗಮನಿಸಬೇಕಿತ್ತು.

ಪ್ರಯೋಗಾಲಯದಲ್ಲೂ ಇದೇ ನೀರಾವಿಯ ಕಾಟ. ಕ್ಷೀಣ ರೇಖೆ ಕಾಣಬೇಕಾದರೆ ಬೆಳಕು ಅನಿಲದೊಳಗೆ ಬಹುದೂರ ಸಾಗಬೇಕು. ಜಾನ್ ವೈಟ್ 1942ರಲ್ಲಿ ಕೊಟ್ಟ ಉಪಾಯ ಇಂದಿಗೂ ಬಳಕೆಯಲ್ಲಿದೆ: ಒಂದೇ ವಕ್ರತೆಯ ಮೂರು ನಿಮ್ನ ಕನ್ನಡಿಗಳು, ಒಂದು ಈ ಕಡೆ, ಎರಡು ಆ ಕಡೆ. ಕೆಂಪು ಲೇಸರ್ ಬಿಟ್ಟರೆ ಒಂಟಿ ಕನ್ನಡಿಯ ಮೇಲೆ ಚುಕ್ಕೆಗಳ ಎರಡು ಸಾಲು ಮೂಡುತ್ತವೆ. ಅವನ್ನು ಎಣಿಸಿದರೆ ಬೆಳಕು ಎಷ್ಟು ಸಲ ಓಡಾಡಿತೆಂದು ತಿಳಿಯುತ್ತದೆ. ಆದರೆ ಕನ್ನಡಿಗಳೂ ಅನಿಲವೂ ಇರುವ ಕೋಶದ ಆಚೀಚೆ ಕೋಣೆಯ ಗಾಳಿ ಉಳಿದಿದ್ದರೆ ಅಲ್ಲಿನ ತೇವವೂ ರೋಹಿತದಲ್ಲಿ ತನ್ನ ರೇಖೆ ಮೂಡಿಸುತ್ತದೆ. ಹಾಗಾಗಿ ಇಡೀ ಉಪಕರಣವನ್ನು ನಿರ್ವಾತ ಮಾಡುವುದು, ಖಾಲಿ ಕೋಶದ ರೋಹಿತವನ್ನು ಮೊದಲು ತೆಗೆಯುವುದು.

ಎರಡನೆಯ ಪ್ರಸಂಗ 2020ರದು. ಎಕ್ಸೊಮಾರ್ಸ್ ಕಕ್ಷಾನೌಕೆಯ ಎಸಿಎಸ್ ಉಪಕರಣ, ಮಂಗಳದ ಅಂಚಿನ ಗಾಳಿಯಲ್ಲಿ ನೂರಾರು ಕಿಲೋಮೀಟರ್ ಹಾದುಬಂದ ಸೂರ್ಯನ ಬೆಳಕಿನಲ್ಲಿ ಮೀಥೇನ್ ಹುಡುಕುತ್ತಿತ್ತು. ಮೀಥೇನಿನ ಪ್ರಬಲ ಪಟ್ಟಿ ಇರುವ 3.3 ಮೈಕ್ರಾನ್ ಬಳಿಯೇ ಯಾವ ರೇಖಾಸೂಚಿಯಲ್ಲೂ ದಾಖಲಾಗದ ರೇಖೆಗಳು ಸಿಕ್ಕವು. ಅವು ಕಾರ್ಬನ್ ಡೈಆಕ್ಸೈಡಿನವು. ಈ ಅಣುವಿನ ಸಮ್ಮಿತಿ ಆ ರೇಖೆಗಳನ್ನು ಮೂಡಿಸುವ ಶಕ್ತಿಮಟ್ಟದ ಜಿಗಿತಕ್ಕೆ ವಿದ್ಯುತ್ ದ್ವಿಧ್ರುವದ ದಾರಿಯನ್ನು ಮುಚ್ಚಿದೆ. ತೀರ ದುರ್ಬಲವಾದ ಕಾಂತೀಯ ದ್ವಿಧ್ರುವದ ದಾರಿ ತೆರೆದಿದೆ. ಗಾಳಿಯ ಶೇ. 95ರಷ್ಟು ಅದೇ ಆಗಿರುವ ಗ್ರಹದಲ್ಲಿ ದುರ್ಬಲ ರೇಖೆಯೂ ಕಾಣುತ್ತದೆ. ಮರುವರ್ಷ ರಷ್ಯಾದ ಟಾಮ್ಸ್ಕ್‌ನಲ್ಲಿ ಬಹುಪಥ ಕೋಶದಿಂದ ಇವುಗಳ ತೀವ್ರತೆಯನ್ನು ಅಳೆದರು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಲೇಸರ್ ಅಳತೆ ಮಾಡಿದವರಿಗೆ ವಿದ್ಯುತ್ ಚತುರ್ಧ್ರುವದ ಪಾಲೂ ಸಿಕ್ಕಿತು.

ಈ ಸಲ ಗ್ರಹವೇ ಪ್ರಯೋಗಾಲಯಕ್ಕಿಂತ ಮುಂದಿತ್ತು. ಇನ್ನೊಂದು ತೊಡಕೂ ಇದೆ. ರೇಖೆಗಳ ಅಗಲವನ್ನು ಬಹುಪಾಲು ಅಳೆದಿರುವುದು ನಮ್ಮ ಗಾಳಿಯ ಒತ್ತಡದಲ್ಲಿ. ಕಾರ್ಬನ್ ಡೈಆಕ್ಸೈಡ್ ಅಣುಗಳು ಡಿಕ್ಕಿ ಹೊಡೆದರೆ ನೀರಿನ ರೇಖೆ ನಮ್ಮ ಗಾಳಿಯಲ್ಲಿ ಹರಡುವುದಕ್ಕಿಂತ ಒಂದೂವರೆ ಪಟ್ಟಿಗೂ ಮಿಗಿಲಾಗಿ ಹರಡುತ್ತದೆ. ಆದ್ದರಿಂದ ಮಂಗಳಕ್ಕೂ ಶುಕ್ರಕ್ಕೂ ಈ ಅಳತೆಗಳನ್ನು ಆ ಅನಿಲದಲ್ಲೇ ಮತ್ತೆ ಮಾಡಬೇಕು.