ಕರಿಹೊಗೆಗೆ ಒಂದು ಅಳತೆ

ಕೊಡಿಗೇನಹಳ್ಳಿಯ ಕಡೆಯಿಂದ ಮಧುಗಿರಿಗೆ ‘ಎಫ್‌ಸಿ’ ಮಾಡಿಸಲು ಹೊರಟ ಹಳದಿ ಬೋರ್ಡಿನ ಡೀಸೆಲ್ ಕಾರಿಗೆ ಆರ್‌ಟಿಓ ಕಚೇರಿಗೂ ಮೊದಲು ಇನ್ನೊಂದು ನಿಲುಗಡೆ ಇದೆ. ಅದು ‘ಎಮಿಷನ್ ಟೆಸ್ಟ್’ ಎಂದು ಬೋರ್ಡು ಹಾಕಿಕೊಂಡ ಚಿಕ್ಕ ಅಂಗಡಿ. ಅಲ್ಲಿಯ ಹುಡುಗ ಸೈಲೆನ್ಸರಿನ ಬಾಯಿಗೆ ಒಂದು ಕೊಳವೆ ತೂರಿಸುತ್ತಾನೆ. ಗೇರು ನ್ಯೂಟ್ರಲ್‌ನಲ್ಲಿರುವಾಗ ಚಾಲಕ ಆಕ್ಸಿಲರೇಟರನ್ನು ಒಮ್ಮೆಗೇ ತಳ ಮುಟ್ಟುವಂತೆ ತುಳಿಯುತ್ತಾನೆ. ಎಂಜಿನ್ ಅರಚುತ್ತದೆ. ಬಿಡುತ್ತಾನೆ, ಮತ್ತೆ ತುಳಿಯುತ್ತಾನೆ. ಕೆಲವೇ ನಿಮಿಷಗಳಲ್ಲಿ ಗಾಡಿಯ ಫೋಟೊ ಸಮೇತ ಚೀಟಿಯೊಂದು ಕೈಗೆ ಬರುತ್ತದೆ.

ಆ ಚೀಟಿಯನ್ನು ಮಡಿಸಿ ಇಟ್ಟುಕೊಳ್ಳುವವರೇ ಹೆಚ್ಚು, ಓದುವವರು ಕಡಿಮೆ. ಅದರಲ್ಲಿರುವ ಅಂಕಿ ಏನನ್ನು ಹೇಳುತ್ತದೆ? ಏನನ್ನು ಹೇಳುವುದಿಲ್ಲ? ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಡಲೆಕಾಯಿ ಎಣ್ಣೆಯ ಎಂಜಿನ್

ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ, ಆಗ್ಸ್‌ಬರ್ಗ್ ನಗರದಲ್ಲಿ. ಮೂರು ವರ್ಷಗಳ ನಂತರ, 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ, ಇಂಥದೊಂದು ಎಂಜಿನ್ ಕಡಲೆಕಾಯಿ ಎಣ್ಣೆಯಿಂದಲೇ ಓಡಿತು. ಹೊಲದ ತುಂಬ ಕಡಲೆಕಾಯಿ ಬೆಳೆಯುವ ಮಧುಗಿರಿ, ಪಾವಗಡ ಸೀಮೆಯವರಿಗೆ ಇದು ಸೋಜಿಗವೆನಿಸಬಹುದು.

ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಹೊತ್ತಿಸಲು ಕಿಡಿ ಬೇಕು. ಡೀಸೆಲ್ ಎಂಜಿನ್ನಿಗೆ ಅದು ಬೇಡ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕೆಂಡದಂತೆ ಕಾಯುತ್ತದೆ. ಆ ಗಾಳಿಗೆ ಎಣ್ಣೆಯನ್ನು ತುಂತುರಾಗಿ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ತುಂತುರು ನಯವಾಗಿದ್ದು ಗಾಳಿ ಸಾಕಷ್ಟಿದ್ದರೆ ಎಣ್ಣೆ ಪೂರ್ತಿ ಉರಿಯುತ್ತದೆ. ಹನಿ ದಪ್ಪವಾದರೆ ಅಥವಾ ಗಾಳಿ ಸಾಲದಾದರೆ ಅರೆಬೆಂದ ಇಂಗಾಲ ಮಸಿಯಾಗಿ ಹೊರಬರುತ್ತದೆ. ಗಾಳಿಯಾಡದ ಒಲೆ ಪಾತ್ರೆಯ ತಳಕ್ಕೆ ಮಸಿ ಹಿಡಿಸುವುದೂ ಹೀಗೆಯೇ.

ಹೀಗಾಗಿ ಡೀಸೆಲ್ ಹೊಗೆಯ ಕಥೆ ಬಹುಮಟ್ಟಿಗೆ ಪಂಪು ಮತ್ತು ನಾಜಲ್‌ಗಳ ಕಥೆ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಈ ಪಂಪುಗಳನ್ನು ತಯಾರಿಸಿತು. ‘ಮೈಕೋ’ ಎಂಬ ಹೆಸರು ನಮ್ಮ ಮೆಕಾನಿಕ್ಕುಗಳ ಬಾಯಲ್ಲಿ ಮನೆಮಾತಾಯಿತು. 2008ರಲ್ಲಿ ಕಂಪನಿ ಬಾಷ್ ಎಂದು ಹೆಸರು ಬದಲಿಸಿತು.

ಕಾನೂನು ಬಂದ ಬಗೆ

ಬಾಡಿಗೆ ವಾಹನಗಳಿಗೆ ಅರ್ಹತಾ ಪತ್ರ ಬೇಕೆಂಬುದು 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಇತ್ತು. ಹೊಗೆಯನ್ನು ಉಪಕರಣದಿಂದ ಅಳೆಯುವ ನಿಯಮ ದೇಶಕ್ಕೆಲ್ಲ ಒಂದೇ ಆಗಿ ಬಂದದ್ದು 1988ರ ಹೊಸ ಕಾಯ್ದೆಯ ನಂತರ. ಅದರಡಿ ರಚಿತವಾದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 115ನೆಯ ನಿಯಮ ಹೊಗೆಗೆ ಸಂಬಂಧಿಸಿದ್ದು. ವಾಹನ ನೋಂದಣಿಯಾಗಿ ಒಂದು ವರ್ಷ ಕಳೆದ ಮೇಲೆ ಮಾಲಿನ್ಯ ನಿಯಂತ್ರಣದ ಚೀಟಿ ಸದಾ ಜೊತೆಗಿರಬೇಕು. ಸ್ವಂತದ ಕಾರಿಗೆ ಹದಿನೈದು ವರ್ಷದವರೆಗೆ ಎಫ್‌ಸಿ ಗೊಡವೆಯಿಲ್ಲ, ಆದರೆ ಈ ಚೀಟಿಯಿಂದ ವಿನಾಯಿತಿಯಿಲ್ಲ.

ಅಳತೆಯ ಮಾನಕ್ಕೆ ‘ಹಾರ್ಟ್ರಿಜ್’ ಎಂಬ ಇಂಗ್ಲಿಷ್ ಕಂಪನಿಯ ಹೆಸರು ಅಂಟಿಕೊಂಡಿದೆ. ಸುಮಾರು 43 ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ಹೊಗೆ ತುಂಬಿ, ಒಂದು ತುದಿಯಿಂದ ಬೆಳಕು ಬಿಟ್ಟು, ಇನ್ನೊಂದು ತುದಿಗೆ ಎಷ್ಟು ತಲುಪಿತೆಂದು ನೋಡುವುದು. ಇಷ್ಟೇ ಇದರ ತತ್ವ. ಬೆಳಕು ಪೂರ್ತಿ ಬಂದರೆ ಸೊನ್ನೆ, ಏನೂ ಬಾರದಿದ್ದರೆ ನೂರು. ನಮ್ಮ ನಿಯಮ ಹಳೆಯ ಡೀಸೆಲ್ ಗಾಡಿಗಳಿಗೆ ಇಟ್ಟ ಮಿತಿ 65. ಎಂದರೆ ನೂರು ಪಾಲು ಬೆಳಕಿನಲ್ಲಿ 65 ಪಾಲನ್ನು ನುಂಗುವ ಹೊಗೆಯೂ ಪಾಸು! ಚೀಟಿಯಲ್ಲಿ ಇದೇ ಮಿತಿ ‘ಕೆ’ ಎಂಬ ಲೆಕ್ಕದಲ್ಲಿ ಮೀಟರಿಗೆ 2.45 ಎಂದಿರುತ್ತದೆ. ಭಾರತ್ ಸ್ಟೇಜ್ 4ರ ಗಾಡಿಗಳಿಗೆ ಅದು 1.62, ಹಾರ್ಟ್ರಿಜ್ ಮಾನದಲ್ಲಿ 50.

ಆಕ್ಸಿಲರೇಟರನ್ನು ಒಮ್ಮೆಗೇ ತುಳಿಯುವುದೇಕೆ? ನಿಂತಲ್ಲೇ ನಿಂತ ಎಂಜಿನ್ನಿಗೆ ಭಾರವಿಲ್ಲ. ಥಟ್ಟನೆ ವೇಗ ಏರಿಸಿದಾಗ ಮಾತ್ರ ಎಣ್ಣೆ ಹೆಚ್ಚಾಗಿ ಸುರಿದು, ದಿಬ್ಬ ಹತ್ತುವಾಗ ಬರುವಂಥ ಹೊಗೆ ಕ್ಷಣಕಾಲ ಕಾಣುತ್ತದೆ. ಅರ್ಧ ತುಳಿದರೆ ಅಂಕಿಯೂ ಚಿಕ್ಕದಾಗುತ್ತದೆ. ಅಂದರೆ ಪರೀಕ್ಷೆಯ ಪ್ರಾಮಾಣಿಕತೆ ಬಹುಮಟ್ಟಿಗೆ ತುಳಿಯುವ ಪಾದದಲ್ಲಿದೆ. ತುಳಿತಕ್ಕೆ ಅಂಜುವವರೂ ಉಂಟು. ಬ್ರಿಟನ್ನಿನ ವಾಹನ ತಪಾಸಣೆಗೆ 1990ರ ದಶಕದ ಆರಂಭದಲ್ಲಿ ಈ ಅಳತೆ ಸೇರಿದಾಗ, ಸವೆದ ಟೈಮಿಂಗ್ ಬೆಲ್ಟ್ ಹರಿದು ಎಂಜಿನ್ನೇ ಹಾಳಾದೀತೆಂಬ ಭಯ ಮಾಲೀಕರನ್ನು ಕಾಡಿತ್ತು. ಎಂಜಿನ್ ಚೆನ್ನಾಗಿ ಕಾದ ಮೇಲೆಯೇ, ಬೆಲ್ಟು ಮತ್ತು ಎಣ್ಣೆ ನೋಡಿಯೇ ತುಳಿಯಬೇಕೆಂಬ ಎಚ್ಚರಿಕೆ ನಮಗೂ ಸಲ್ಲುತ್ತದೆ.

ಕಣ್ಣಿಗೆ ಕಾಣದ್ದು

ಬೆಳಕಿನ ಈ ಪರೀಕ್ಷೆಗೆ ಕಾಣುವುದು ಕರಿಮಸಿ ಮಾತ್ರ. ಡೀಸೆಲ್ ಎಂಜಿನ್ನಿನಲ್ಲಿ ಇನ್ನೊಂದು ಅಪಾಯ ಹುಟ್ಟುತ್ತದೆ. ಅತಿಯಾದ ಕಾವಿನಲ್ಲಿ ಗಾಳಿಯ ಸಾರಜನಕ ಮತ್ತು ಆಮ್ಲಜನಕ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಇವು ಶ್ವಾಸಕೋಶಕ್ಕೆ ಕೆಟ್ಟವು, ಆದರೆ ಸೈಲೆನ್ಸರಿನ ಬಾಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ತೊಡಕು ಏನೆಂದರೆ, ಮಸಿ ಕಡಿಮೆಯಾಗಲೆಂದು ಉರಿಯನ್ನು ಬಿಸಿಯಾಗಿಸಿದರೆ ಈ ಅನಿಲ ಹೆಚ್ಚುತ್ತದೆ; ಕಾವು ತಗ್ಗಿಸಿದರೆ ಮಸಿ ಹೆಚ್ಚುತ್ತದೆ.

ಈ ತೊಡಕನ್ನು ದಾಟಲಾಗದೆ ಒಂದು ದೊಡ್ಡ ಕಂಪನಿ ಮೋಸದ ದಾರಿ ಹಿಡಿಯಿತು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ, ಆಗ ಮಾತ್ರ ಸಭ್ಯವಾಗಿ ವರ್ತಿಸುವ ಸಾಫ್ಟ್‌ವೇರನ್ನು ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳಲ್ಲಿ ಅಳವಡಿಸಿತ್ತು. ಇದು ಬಯಲಾಗಲು ದಾರಿ ಮಾಡಿದ್ದು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ್ಟ ತಂಡ. ಅದರಲ್ಲಿ ಬೆಂಗಳೂರಿನ ಹೇಮಂತ ಕಪ್ಪಣ್ಣ ಕೂಡ ಒಬ್ಬರು. ಅಳೆಯುವ ಉಪಕರಣವನ್ನು ಕಾರಿನ ಹಿಂಬದಿಯಲ್ಲೇ ಕಟ್ಟಿಕೊಂಡು ಈ ತಂಡ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಸುತ್ತಿತು. ಒಂದು ಕಾರು ಮಿತಿಗಿಂತ 15ರಿಂದ 35 ಪಟ್ಟು ಹೆಚ್ಚು ಅನಿಲ ಉಗುಳುತ್ತಿತ್ತು. 2014ರಲ್ಲಿ ವರದಿ ಹೊರಬಂತು. 2015ರ ಸೆಪ್ಟೆಂಬರ್‌ನಲ್ಲಿ ಕಂಪನಿ ತಪ್ಪೊಪ್ಪಿಕೊಂಡಿತು. ಜಗತ್ತಿನಲ್ಲಿ ಸುಮಾರು 1.1 ಕೋಟಿ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇತ್ತು. ಭಾರತದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಸರಿಪಡಿಸಲು ವಾಪಸು ಕರೆಯಲಾಯಿತು. ಹೊಸ ಮಾದರಿಯ ಕಾರನ್ನು ರಸ್ತೆಯಲ್ಲೇ ಓಡಿಸಿ ಅಳೆಯಬೇಕೆಂಬ ನಿಯಮ ನಮ್ಮಲ್ಲಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂತು.

ಊರಿಗೊಂದು ಅಳತೆ

ಎಂಜಿನ್ ಎಷ್ಟೇ ಒಳ್ಳೆಯದಿದ್ದರೂ ಎಣ್ಣೆ ಕೆಟ್ಟದ್ದಾದರೆ ಫಲವಿಲ್ಲ. 1990ರ ದಶಕದ ನಡುವಿನಲ್ಲಿ ನಮ್ಮ ಡೀಸೆಲ್‌ನಲ್ಲಿ ಲಕ್ಷಕ್ಕೆ 500 ಪಾಲಿನವರೆಗೆ ಗಂಧಕ ಇರಬಹುದಿತ್ತು. 2020ರ ಏಪ್ರಿಲ್‌ನಿಂದ ಇದು ಲಕ್ಷಕ್ಕೆ ಒಂದೇ ಪಾಲು. ಈ ಸುಧಾರಣೆ ಎಲ್ಲರಿಗೂ ಒಟ್ಟಿಗೆ ಬರಲಿಲ್ಲ. ಭಾರತ್ ಸ್ಟೇಜ್ 4 ಬೆಂಗಳೂರಿಗೆ 2010ರಲ್ಲೇ ಬಂತು. ದೇಶವೆಲ್ಲ ಆ ಒಂದೇ ಮಟ್ಟಕ್ಕೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಬೆಂಗಳೂರಿನಿಂದ ನೂರು ಕಿಲೋಮೀಟರ್ ಆಸುಪಾಸಿನ ಮಧುಗಿರಿಯಂಥ ಊರುಗಳು ನಡುವಿನ ವರ್ಷಗಳಲ್ಲಿ ಕಾಯಬೇಕಾಯಿತು. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿತ್ತು. ಹಳ್ಳಿಯವರ ಶ್ವಾಸಕೋಶವೇನೂ ಬೇರೆ ಲೋಹದ್ದಲ್ಲವಲ್ಲ!

ಪರೀಕ್ಷೆಯೂ ಬದಲಾಗುತ್ತಿದೆ. ಈಗಿನ ಡೀಸೆಲ್ ಕಾರುಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಅದು ಬಿರುಕುಬಿಟ್ಟರೂ ಹಳೆಯ ಬೆಳಕಿನ ಯಂತ್ರಕ್ಕೆ ತಿಳಿಯದೇ ಹೋಗಬಹುದು. ಅದಕ್ಕೇ ಜರ್ಮನಿಯಲ್ಲಿ 2023ರ ಜುಲೈನಿಂದ ಹೊಸ ತಲೆಮಾರಿನ ಡೀಸೆಲ್ ಕಾರುಗಳ ತಪಾಸಣೆಯಲ್ಲಿ ಕಣಗಳನ್ನೇ ಎಣಿಸುತ್ತಾರೆ. ನಮ್ಮಲ್ಲಿ ಯಂತ್ರಗಳೇ ಎಫ್‌ಸಿ ತಪಾಸಣೆ ನಡೆಸುವ ಕೇಂದ್ರಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಪ್ರಕಟಿಸಿದರೂ ಕಡ್ಡಾಯದ ದಿನ ಮುಂದೆ ಮುಂದೆ ಹೋಯಿತು.

ಹಾಗಾದರೆ ಈಗಿನ ಚೀಟಿ ದಂಡವೇ? ಖಂಡಿತ ಅಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡದ್ದು, ನಾಜಲ್ ಸವೆದದ್ದು, ಪಂಪಿನ ಹೊಂದಾಣಿಕೆ ತಪ್ಪಿದ್ದು ಎಲ್ಲವೂ ಆ ಅಂಕಿಯಲ್ಲಿ ಕಾಣುತ್ತವೆ. ಅವನ್ನು ಸರಿಪಡಿಸಿದರೆ ಹೊಗೆಯ ಜೊತೆಗೆ ಡೀಸೆಲ್ ಖರ್ಚೂ ತಗ್ಗುತ್ತದೆ. ಮುಂದಿನ ಸಲ ಚೀಟಿ ಕೈಗೆ ಬಂದಾಗ ಪಾಸೋ ಫೇಲೋ ಎಂದಷ್ಟೇ ನೋಡಬೇಡಿ. ಹಿಂದಿನ ಚೀಟಿಯ ಪಕ್ಕದಲ್ಲಿಟ್ಟು ಅಂಕಿಗಳನ್ನು ಹೋಲಿಸಿ. ಏರುತ್ತಿದ್ದರೆ ಎಂಜಿನ್ ಏನೋ ಹೇಳುತ್ತಿದೆ ಎಂದರ್ಥ. ಅದನ್ನು ಕೇಳಿಸಿಕೊಂಡರೆ ಮೊದಲ ಲಾಭ ಗಾಡಿಯ ಯಜಮಾನನಿಗೆ. ಮುಖ್ಯ ಲಾಭ ಆ ಗಾಡಿಯ ಹಿಂದೆ ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುವ ಮಕ್ಕಳಿಗೆ.