ಬೀಸುಕಲ್ಲಿನ ಸುದ್ದಿ, ಖಾನಾವಳಿಯ ಸುದ್ದಿ

ವಿಜಾಪುರ ಸೀಮೆಯ ಊಟದ ಮಾತು ಬಂದರೆ ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಜುಣಕ, ಶೇಂಗಾ ಹಿಂಡಿ ಎಂದು ಪಟ್ಟಿ ಹೇಳಿ ಮುಗಿಸುವುದು ರೂಢಿ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳೆಯ ದಿನಚರಿಯನ್ನು ಬಿಡಿಸಿ ನೋಡಿದರೆ ರೊಟ್ಟಿಯ ಬೆನ್ನಿಗೇ ಇನ್ನೊಂದು ಸಂಗತಿ ಓಡಾಡುತ್ತಿದ್ದುದು ಕಾಣುತ್ತದೆ. ಅದು ಸುದ್ದಿ. ಹಿಟ್ಟು ಎಲ್ಲಿ ಬೀಸುತ್ತಾರೆ, ರೊಟ್ಟಿ ಎಲ್ಲಿ ತಿನ್ನುತ್ತಾರೆ ಎಂಬುದು ಬದಲಾದಂತೆಲ್ಲ ಊರಿನ ಸುದ್ದಿ ಯಾರ ಬಾಯಲ್ಲಿರುತ್ತದೆ ಎಂಬುದೂ ಬದಲಾಗಿದೆ.

ಇದಕ್ಕೆ ಮೂಲ ಜೋಳದ ಗುಣದಲ್ಲೇ ಇದೆ. ಡೋಣಿ ಹೊಳೆಯ ಸಾಲಿನ ಎರೆಭೂಮಿಯಲ್ಲಿ ಮಳೆಗಾಲದ ಕೊನೆಗೆ ಬಿತ್ತಿದ ಬಿಳಿಜೋಳ, ಮಣ್ಣಿನಲ್ಲಿ ಉಳಿದ ಹಸಿಯನ್ನೇ ನಂಬಿ ಬೆಳೆದು ಬೇಸಿಗೆಯ ಹೊತ್ತಿಗೆ ಕೈಗೆ ಬರುತ್ತದೆ. ಕಾಳು ಹಗೇವಿನಲ್ಲಿ ವರ್ಷಗಟ್ಟಲೆ ಇರಬಲ್ಲದು, ಹಿಟ್ಟು ಇರಲಾರದು. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿಯುವ ಎಸರು ಹಾಕಿ, ಕೊಣಮಿಗೆಯಲ್ಲಿ ನಾದಿ, ಅಂಗೈಯಿಂದ ಬಡಿದರೆ ಮಾತ್ರ ರೊಟ್ಟಿ ಹಿಗ್ಗುತ್ತದೆ. ಹಿಟ್ಟು ಹಳತಾದರೆ ಜಿಗಿ ಹೋಗಿ ಅಂಚು ಬಿರಿಯುತ್ತದೆ. ಹೀಗಾಗಿ ಒಮ್ಮೆ ಬೀಸಿಟ್ಟು ತಿಂಗಳು ನಡೆಸುವ ಅನುಕೂಲ ಈ ಸೀಮೆಯ ಹೆಂಗಸಿಗೆ ಇರಲಿಲ್ಲ. ನಸುಕಿನಲ್ಲಿ ಎದ್ದು ಬೀಸಬೇಕು, ಮುಂಜಾನೆ ಬಡಿಯಬೇಕು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು.

ಬೀಸುಕಲ್ಲಿನ ಈ ಹೊತ್ತಿನಲ್ಲೇ ತ್ರಿಪದಿ ಹುಟ್ಟಿತು ಎನ್ನುವುದು ಅತಿಯಾದೀತು; ಆದರೆ ಅದು ಬದುಕಿದ್ದು ಅಲ್ಲಿಯೇ. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಈ ಹಾಡುಗಳನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡರು. 1931ರಲ್ಲಿ ಬಂದ ‘ಗರತಿಯ ಹಾಡು’ ಕನ್ನಡ ಜಾನಪದದ ಮೊದಲ ದೊಡ್ಡ ಸಂಕಲನಗಳಲ್ಲೊಂದು. ಅದನ್ನು ಕಾವ್ಯವೆಂದು ಮೆಚ್ಚಿದವರೇ ಹೆಚ್ಚು. ವರ್ತಮಾನವೆಂದು ಓದಿದರೂ ತಪ್ಪಾಗದು. ತವರಿನಿಂದ ಅಣ್ಣ ಬಂದನೇ, ಮಳೆ ಬಿತ್ತೇ, ಅತ್ತೆಮನೆಯಲ್ಲಿ ಏನು ನಡೆದಿದೆ ಎಂಬುದೆಲ್ಲ ಬೇರೆಡೆ ಆಡಲಾಗದ ಮಾತು. ಕಲ್ಲಿನ ಮುಂದೆ ಹಾಡಾಗಿ ಹೊರಬರಬಹುದಿತ್ತು. ಇಬ್ಬರು ಎದುರುಬದುರು ಕುಳಿತು ಬೀಸುವಾಗ ಒಬ್ಬಳ ಸುದ್ದಿ ಇನ್ನೊಬ್ಬಳಿಗೆ ತಲುಪುತ್ತಿತ್ತು.

ಗಂಡಸರ ಸುದ್ದಿಗೆ ಲಾವಣಿ ಇತ್ತು. ಜೆ. ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನಿದ್ದಾನೆ, 1857ರ ಹಲಗಲಿ ಬೇಡರಿದ್ದಾರೆ; ಸರ್ಕಾರ ಹೇರಿದ ವರಮಾನ ತೆರಿಗೆಯ ಮೇಲೂ ಒಂದು ಲಾವಣಿಯಿದೆ! ಪತ್ರಿಕೆಯ ಸಂಪಾದಕೀಯಕ್ಕೆ ಇನ್ನೇನು ಬೇಕು?

ಆಮೇಲೆ ಗಿರಣಿ ಬಂತು. ಎಣ್ಣೆಯ ಎಂಜಿನ್, ಅದರ ಬೆನ್ನಿಗೆ ವಿದ್ಯುತ್ತು. ಬೀಸುವ ಕೆಲಸ ಹೆಂಗಸಿನ ತೋಳಿನಿಂದ ಇಳಿಯಿತು. ಅದನ್ನು ಕಳೆದುಹೋದ ಸೊಗಸೆಂದು ಕೊರಗುವವರು ಒಂದು ವಾರ ನಸುಕಿನಲ್ಲಿ ಎದ್ದು ಬೀಸಿ ನೋಡಬೇಕು. ಆದರೂ ಲೆಕ್ಕದಲ್ಲಿ ಒಂದು ಬಾಕಿ ಉಳಿಯಿತು. ದುಡಿತದ ಜೊತೆಗೇ ಅವಳು ತನ್ನ ಮಾತನ್ನು ಆಡಿಕೊಳ್ಳುತ್ತಿದ್ದ ಹೊತ್ತೂ ಹೋಯಿತು. ರೊಟ್ಟಿ ಬಡಿಯುವ ದುಡಿತ ಮಾತ್ರ ಅಲ್ಲೇ ಉಳಿಯಿತು.

ಇದೇ ಕಾಲದಲ್ಲಿ ಗಂಡಸರಿಗೆ ಹೊಸ ಜಾಗವೊಂದು ತೆರೆದಿತ್ತು. 1876–78ರ ಭೀಕರ ಬರ ಈ ಜಿಲ್ಲೆಯನ್ನು ನುಂಗಿದ ಮೇಲೆ ಧಾನ್ಯ ಸಾಗಿಸಲು ರೈಲು ಬೇಕೆಂದು ಸರ್ಕಾರಕ್ಕೆ ಮನವರಿಕೆಯಾಯಿತು. 1884ರಲ್ಲಿ ಹೋಟಗಿಯಿಂದ ಗದಗಿಗೆ ಹಳಿ ಕೂಡಿತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳ ಹೆಸರೇ ಹೇಳುವಂತೆ ರೈಲು ಊರೊಳಗೆ ಬರಲಿಲ್ಲ. ಸಿಂದಗಿ, ಮುದ್ದೇಬಿಹಾಳಗಳನ್ನಂತೂ ಮುಟ್ಟಲೇ ಇಲ್ಲ. ಆದರೆ ಜನ ಹೊರಟರು. ಕಚೇರಿ ಕೆಲಸಕ್ಕೆ, ಅಡತಿ ಅಂಗಡಿಗೆ, ಸೊಲ್ಲಾಪುರದ ಬಟ್ಟೆ ಗಿರಣಿಗೆ. ಮನೆ ಬಿಟ್ಟು ಬಂದವನಿಗೆ ರೊಟ್ಟಿ ಬೇಕು, ಅದಕ್ಕೇ ಖಾನಾವಳಿ. ಈ ಹೆಸರು ಮರಾಠಿಯ ನೆರೆಯಿಂದ ಬಂದದ್ದು. ಮುಂಬೈಯ ಗಿರಣಿ ಕೇರಿಗಳಲ್ಲಿ ತಿಂಗಳ ಲೆಕ್ಕದಲ್ಲಿ ಕೂಲಿಗಳಿಗೆ ಅಡುಗೆ ಮಾಡಿ ಹಾಕುತ್ತಿದ್ದವರು ಬಹುಪಾಲು ಹೆಂಗಸರೇ. 1975ರಲ್ಲಿ ಪ್ರೇಮಾ ಪುರವ್ ಅವರನ್ನು ‘ಅನ್ನಪೂರ್ಣಾ ಮಹಿಳಾ ಮಂಡಳ’ದಲ್ಲಿ ಸಂಘಟಿಸುವವರೆಗೆ ಅವರ ದುಡಿಮೆಗೆ ಲೆಕ್ಕವೇ ಇರಲಿಲ್ಲ. ನಮ್ಮ ಖಾನಾವಳಿಗಳಲ್ಲೂ ಗಲ್ಲಾಪೆಟ್ಟಿಗೆಯ ಮುಂದೆ ಗಂಡಸು, ಒಳಗೆ ಹಂಚಿನ ಮುಂದೆ ಹೆಂಗಸು. ತಾನೇ ಬಡಿದ ರೊಟ್ಟಿಯನ್ನು ಅಲ್ಲಿ ಕುಳಿತು ಉಣ್ಣುವ ಹೆಂಗಸು ಕಂಡದ್ದು ಅಪರೂಪ.

ಖಾನಾವಳಿಯ ಫಲಕದ ಮೇಲೆ ಜಾತಿಯ ಹೆಸರು ಬರೆಸುವುದೂ ಇತ್ತು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ, ದಾಸೋಹದ ಮಾತು ಎಲ್ಲರ ನಾಲಿಗೆಯ ಮೇಲಿದ್ದ ಕಡೆ, ದಲಿತನಿಗೆ ಪಂಕ್ತಿಯಲ್ಲಿ ಜಾಗವಿರಲಿಲ್ಲ. ಉಪಾಹಾರ ಗೃಹಗಳಲ್ಲಿ ಹಾಗೆ ತಡೆಯುವುದು ಅಪರಾಧವೆಂದು ದೇಶದ ಕಾನೂನು ಹೇಳಿದ್ದು 1955ರಲ್ಲಿ. ರೂಢಿ ಕಾನೂನಿನ ಹಿಂದೆ ತಡವಾಗಿ, ಮನಸ್ಸಿಲ್ಲದೆ ನಡೆದುಬಂತು.

ಪತ್ರಿಕೆ ಓದಿಸಿಕೊಂಡಿದ್ದು ಇಂಥ ಕಡೆಗಳಲ್ಲಿ. ಫ. ಗು. ಹಳಕಟ್ಟಿಯವರು 1925ರಲ್ಲಿ ಮನೆ ಮಾರಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ ತಂದರು. ವಚನವೂ ವರ್ತಮಾನವೂ ಒಂದೇ ಅಚ್ಚುಕೂಟದಿಂದ ಹೊರಬಂದವು. ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ ಬಂದ ಮೇಲೆ ದಿನಪತ್ರಿಕೆಯ ಚಟ ಹಿಡಿಯಿತು. ಒಬ್ಬ ಓದುವುದು, ಹತ್ತು ಜನ ಕೇಳುವುದು. ಪೇಟೆಧಾರಣೆಗೆ ಬಂದಾಗ ಎಲ್ಲರೂ ಸುಮ್ಮನಾಗುವುದು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾಯಿತು. ರೇಡಿಯೊ ಮನೆಯೊಳಗೆ ಬಂದಾಗ ಒಲೆಯ ಮುಂದಿದ್ದವಳ ಕಿವಿಗೂ ಸುದ್ದಿ ಬಿತ್ತು. ಕೇಳುವುದಕ್ಕೆ ಮಾತ್ರ, ಹೇಳುವುದಕ್ಕಲ್ಲ.

ಈಗ ಜೋಳದ ಹೊಲಗಳ ಚಿತ್ರವೇ ಬೇರೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ನೀರು ಹರಿದ ಕಡೆ ಕಬ್ಬು ನಿಂತಿದೆ, ನೀರಿಲ್ಲದ ಕಡೆ ತೊಗರಿ. ಇಂಡಿಯಲ್ಲಿ ಲಿಂಬೆಯ ತೋಟ. 2013ರ ಅನ್ನಭಾಗ್ಯದ ನಂತರ ಬಡವರ ಮನೆಯಲ್ಲೂ ದಿನಕ್ಕೊಮ್ಮೆ ಅನ್ನ ಖಾತ್ರಿ. ಹಸಿವಿನ ಲೆಕ್ಕದಲ್ಲಿ ಇದು ಸಣ್ಣ ಮಾತಲ್ಲ. ಕೂಲಿಯಿಂದ ಬಂದವಳಿಗೆ ಇಪ್ಪತ್ತು ರೊಟ್ಟಿ ಬಡಿಯುವುದಕ್ಕಿಂತ ಒಂದು ಪಾತ್ರೆ ಅಕ್ಕಿ ಇಡುವುದು ಹಗುರವೆಂಬುದನ್ನೂ ಮರೆಯಬಾರದು.

ಆದರೆ ರೊಟ್ಟಿಗೆ ಈಗ ಬೆಲೆ ಬಂದಿದೆ. ತೆಳ್ಳಗೆ ಬಡಿದು, ಒಣಗಿಸಿ, ಕಟ್ಟು ಕಟ್ಟಿದ ಖಡಕ್ ರೊಟ್ಟಿ ಬಸ್ಸು ಹತ್ತಿ ಬೆಂಗಳೂರು, ಪುಣೆಗಳಿಗೆ ಹೋಗುತ್ತದೆ. ನಾಲ್ಕು ತಾಲ್ಲೂಕುಗಳಲ್ಲೂ ಸ್ವಸಹಾಯ ಸಂಘದ ಹೆಂಗಸರು ಸೇರಿ ಬಡಿಯುತ್ತಾರೆ. ಬೇಡಿಕೆ ಮೊಬೈಲಿನಲ್ಲಿ ಬರುತ್ತದೆ, ಎಣಿಕೆ ನೂರರ ಲೆಕ್ಕದಲ್ಲಿ ನಡೆಯುತ್ತದೆ. ಹಂಚಿನ ಸುತ್ತ ಕುಳಿತವರ ನಡುವೆ ಜೋಳದ ದರ, ಸಾಲದ ಕಂತು, ಮಗಳ ಪರೀಕ್ಷೆ, ನಿನ್ನೆಯ ಟಿವಿ ಸುದ್ದಿ ಎಲ್ಲ ಹಾಯ್ದುಹೋಗುತ್ತವೆ. ಅದನ್ನು ಕಿವಿಗೊಟ್ಟು ಬರೆದುಕೊಳ್ಳಲು ಹಲಸಂಗಿಯ ಗೆಳೆಯರು ಈಗಿಲ್ಲ.