ಸೂತ್ರದಿಂದ ಉಪಪತ್ತಿಗೆ: ಗಣಿತಸಾರಸಂಗ್ರಹದ ಮೂರು ಮಾತುಗಳು

ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲ (814–878) ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ‘ಕವಿರಾಜಮಾರ್ಗ’ದಿಂದ ಪರಿಚಿತವಾದುದು. ಅದೇ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅದು ಮದರಾಸಿನಲ್ಲಿ ಅಚ್ಚಾಯಿತು. ಗ್ರಂಥದ ಹಿರಿಮೆಯನ್ನು ಹೇಳುವವರು ಸಾಮಾನ್ಯವಾಗಿ ಅದರ ಸೂತ್ರಗಳನ್ನು ಎಣಿಸುತ್ತಾರೆ. ಆ ಸೂತ್ರಗಳನ್ನು ಕಲಿತವನಿಗೆ ಕಾರಣ ಎಲ್ಲಿಂದ ದೊರೆಯುತ್ತಿತ್ತು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ.

ಗ್ರಂಥದ ಕ್ರಮ ಸರಳವಾದುದು: ಮೊದಲು ಕರಣಸೂತ್ರ, ಅನಂತರ ಉದ್ದೇಶಕ, ಎಂದರೆ ಬಿಡಿಸಬೇಕಾದ ಲೆಕ್ಕ. ಸೂತ್ರವು ಏಕೆ ಸರಿ ಎಂಬುದನ್ನು ಪದ್ಯವು ಸಾಮಾನ್ಯವಾಗಿ ಹೇಳುವುದಿಲ್ಲ. ಬಾಯಿಪಾಠಕ್ಕೆ ಅನುಕೂಲವಾಗುವ ಸಂಕ್ಷಿಪ್ತ ರೂಪದಲ್ಲಿ ವಿವರಣೆಯ ಭಾರ ಗುರುವಿನ ಮೇಲೆ ಬೀಳುತ್ತದೆ. ಕಾರಣದ ಇರವು ಮತ್ತು ಇಲ್ಲದಿರುವಿಕೆಗಳ ಪರಿಣಾಮವನ್ನು ಈ ಗ್ರಂಥದ ಮೂರು ಮಾತುಗಳಲ್ಲಿಯೇ ಕಾಣಬಹುದು.

ಮೊದಲನೆಯದು ಋಣಸಂಖ್ಯೆಯ ವರ್ಗಮೂಲದ ಕುರಿತದ್ದು. ಋಣರಾಶಿಯು ಸ್ವಭಾವದಿಂದಲೇ ವರ್ಗವಲ್ಲ, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎನ್ನುತ್ತಾರೆ ಆಚಾರ್ಯರು. ಇಲ್ಲಿ ನಿಯಮದೊಡನೆ ಹೇತುವೂ ಇದೆ. ಧನದ ವರ್ಗವೂ ಧನ, ಋಣದ ವರ್ಗವೂ ಧನ, ಶೂನ್ಯದ ವರ್ಗ ಶೂನ್ಯ. ಋಣವನ್ನು ವರ್ಗವಾಗಿ ಪಡೆಯಲು ಬೇರೆ ದಾರಿಯಿಲ್ಲ. ಗಣಿತವು ಮುಂದೆ ಊಹ್ಯ ಸಂಖ್ಯೆಗಳನ್ನು ಒಪ್ಪಿಕೊಂಡ ಮೇಲೂ, ವಾಸ್ತವ ಸಂಖ್ಯೆಗಳ ಮಟ್ಟಿಗೆ ಈ ಮಾತು ಅಚಲವಾಗಿ ನಿಂತಿದೆ.

ಎರಡನೆಯದು ಶೂನ್ಯದ ಕುರಿತದ್ದು. ಶೂನ್ಯದಿಂದ ಗುಣಿಸಿದ ರಾಶಿ ಶೂನ್ಯ. ಶೂನ್ಯದಿಂದ ಭಾಗಿಸಿದ ರಾಶಿ ಮಾತ್ರ ಬದಲಾಗದು ಎಂದು ಅದೇ ಸಂಜ್ಞಾಧಿಕಾರದಲ್ಲಿದೆ. ಹಂಚಿಕೊಳ್ಳುವವರೇ ಇಲ್ಲದಾಗ ವಸ್ತುಗಳು ಇದ್ದಲ್ಲಿಯೇ ಉಳಿಯುತ್ತವೆ ಎಂಬ ಅರ್ಥದಲ್ಲಿ ಇದನ್ನು ಸಮರ್ಥಿಸಲು ಬರುತ್ತದೆ. ಆದರೆ 7ನ್ನು ಶೂನ್ಯದಿಂದ ಭಾಗಿಸಿದರೆ 7 ಬರುವುದಾದರೆ, 7ನ್ನು ಶೂನ್ಯದಿಂದ ಗುಣಿಸಿದಾಗಲೂ 7 ಬರಬೇಕಷ್ಟೆ. ಬರುವುದು ಶೂನ್ಯವೆಂದು ಪದ್ಯದ ಮೊದಲರ್ಧವೇ ಹೇಳಿದೆ. ಈ ವಿರೋಧವನ್ನು ಗುರುತಿಸಲು ಏಳನೆಯ ತರಗತಿಯ ಗಣಿತ ಸಾಕು.

ಮೂರನೆಯದು ಕ್ಷೇತ್ರಗಣಿತದ್ದು. ಚತುರ್ಭುಜದ ಸುತ್ತಳತೆಯ ಅರ್ಧದಿಂದ ಒಂದೊಂದು ಭುಜವನ್ನೂ ಕಳೆದು, ಉಳಿದ ನಾಲ್ಕನ್ನು ಗುಣಿಸಿ, ವರ್ಗಮೂಲ ತೆಗೆದರೆ ಸೂಕ್ಷ್ಮಫಲ, ಎಂದರೆ ನಿಖರವಾದ ವಿಸ್ತೀರ್ಣ ದೊರೆಯುತ್ತದೆ. ಬ್ರಹ್ಮಗುಪ್ತನಿಂದ ಬಂದ ಈ ಸೂತ್ರ ವೃತ್ತದೊಳಗೆ ಕೂಡುವ ಚತುರ್ಭುಜಕ್ಕೆ ಮಾತ್ರ ಸರಿ. ಆ ನಿಬಂಧನೆ ಗಣಿತಸಾರಸಂಗ್ರಹದಲ್ಲಿ ಇಲ್ಲ. ನಾಲ್ಕೂ ಭುಜ 5 ಆಗಿರುವ ಚೌಕದ ವಿಸ್ತೀರ್ಣ 25. ಅದನ್ನೇ ಓರೆಯಾಗಿಸಿ, ಕರ್ಣಗಳು 6 ಮತ್ತು 8 ಆಗುವ ವಜ್ರಾಕೃತಿಯಾಗಿ ಮಾಡಿದರೆ ವಿಸ್ತೀರ್ಣ 24. ಸೂತ್ರವು ಎರಡಕ್ಕೂ 25 ಎನ್ನುತ್ತದೆ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯರು ಈ ದೋಷವನ್ನು ಹಿಡಿದರು, ಕರ್ಣವನ್ನಾಗಲಿ ಲಂಬವನ್ನಾಗಲಿ ತಿಳಿಸದೆ ಚತುರ್ಭುಜದ ವಿಸ್ತೀರ್ಣ ಕೇಳುವವನನ್ನೂ ಹೇಳುವವನನ್ನೂ ಪಿಶಾಚವೆಂದು ಗದರಿದರು. ಒಂದು ಪ್ರತ್ಯುದಾಹರಣೆ ಸಾರ್ವತ್ರಿಕ ನಿಯಮವನ್ನು ಕೆಡವಬಲ್ಲದು. ನೂರು ಉದಾಹರಣೆಗಳು ಅದನ್ನು ಸ್ಥಾಪಿಸಲಾರವು.

ಕಾರಣದ ಶೋಧ ಈ ನೆಲಕ್ಕೆ ಹೊಸದೇನಲ್ಲ. ಪಾತ್ರಕೇಸರಿ, ಅಕಲಂಕರ ಜೈನ ನ್ಯಾಯದಲ್ಲಿ ಹೇತುವಿನ ಏಕೈಕ ಲಕ್ಷಣ ‘ಅನ್ಯಥಾನುಪಪತ್ತಿ’: ಸಾಧ್ಯವಿಲ್ಲದೆ ಹೇತು ಇರಲಾರದು ಎಂಬ ಅನಿವಾರ್ಯ ಸಂಬಂಧ. ಗಣಿತದಲ್ಲಿ ಸಾಧನೆಗೆ ‘ಉಪಪತ್ತಿ’ ಎಂಬ ಹೆಸರು ಸಂದಿತು. ಗಣೇಶ ದೈವಜ್ಞನು 1545ರಲ್ಲಿ ಲೀಲಾವತಿಗೆ ಬರೆದ ‘ಬುದ್ಧಿವಿಲಾಸಿನೀ’ ವ್ಯಾಖ್ಯಾನದಲ್ಲಿ ಉಪಪತ್ತಿಗಳನ್ನು ಕೊಟ್ಟನು. ಹದಿನಾರನೆಯ ಶತಮಾನದಲ್ಲಿಯೇ ಕೇರಳದ ಜ್ಯೇಷ್ಠದೇವನು ‘ಯುಕ್ತಿಭಾಷಾ’ದಲ್ಲಿ ಅವನ್ನು ಮಲಯಾಳದ ಗದ್ಯದಲ್ಲಿ ವಿವರಿಸಿದನು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳ ಮೂಲಕ ಕನ್ನಡಕ್ಕೆ ಸೂತ್ರವನ್ನೂ ಉದಾಹರಣೆಯನ್ನೂ ತಂದನು.

ಪ್ರೌಢಶಾಲೆಯ ಗಣಿತಬೋಧನೆಗೆ ಈ ಇತಿಹಾಸ ಅಲಂಕಾರವಲ್ಲ, ಪಾಠಸಾಮಗ್ರಿ. ಮೂರು ಮಾತುಗಳನ್ನು ಕರ್ತೃವಿನ ಹೆಸರಿಲ್ಲದೆ ಮಕ್ಕಳ ಮುಂದಿಟ್ಟು, ಯಾವುದು ನಿಲ್ಲುತ್ತದೆ, ಯಾವುದು ನಿಲ್ಲದು, ಏಕೆ ಎಂದು ಕೇಳಬಹುದು. ಹಿರಿಯರ ಮಾತನ್ನು ಪರೀಕ್ಷಿಸುವುದು ಅವರಿಗೆ ಅಗೌರವವಾಗದು. ಭಾಸ್ಕರಾಚಾರ್ಯರು ಮಾಡಿದ್ದೂ ಅದನ್ನೇ. ಋಣಕ್ಕೆ ಮೂಲವಿಲ್ಲವೆನ್ನುವಾಗ ಹೇತುವನ್ನೂ ಜೊತೆಗಿಟ್ಟ ಮಹಾವೀರಾಚಾರ್ಯರೂ ಶಿಷ್ಯರಿಗೆ ತೋರಿದ್ದು ಆ ದಾರಿಯನ್ನೇ.